ಮುಳ್ಳು ಹಾಕಿದ ಮನೆಯ ಕಂದಾಯ

ನಾರಾಯಣಮ್ಮನ ಗಂಡ ಚಿಕ್ಕಬೈರಪ್ಪ ಶ್ರಾವಣ ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಎತ್ತಿಗೆ ಹುಲ್ಲು ಹಾಕಲು ಬಗ್ಗಿದವನು ಅಲ್ಲೇ ಕುಸಿದು ಪ್ರಾಣ ಬಿಟ್ಟ. ಬದುಕಿದ್ದಷ್ಟು ದಿನ ಯಾರಿಗೂ ತೊಂದರೆ ಕೊಟ್ಟವನಲ್ಲ. ಸಾಯುವಾಗ ಮಾತ್ರ ಧನಿಷ್ಠಾ ನಕ್ಷತ್ರದಲ್ಲಿ ಸತ್ತು ಹೆಂಡತಿಯನ್ನು ಬೀದಿಗೆ ಹಾಕಿದ.

ಈ ನಕ್ಷತ್ರದ ಕಾಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಧನಿಷ್ಠೆಯಲ್ಲಿ ಸಾವಾದರೆ ಮನೆಯವರೆಲ್ಲ ಆರು ತಿಂಗಳು ಮನೆ ಬಿಡಬೇಕು. ಬಾಗಿಲಿಗೆ ಬೀಗ ಜಡಿದು ಮುಳ್ಳು ಹಾಕಬೇಕು. ಒಳಗೆ ದೀಪ ಹಚ್ಚುವಂತಿಲ್ಲ, ಒಲೆ ಉರಿಸುವಂತಿಲ್ಲ. ಮೀರಿದರೆ ಬಳಗದಲ್ಲಿ ಮತ್ತೊಂದು ಜೀವ ಹೋಗುತ್ತದೆ ಎಂದು ನಂಬಿಕೆ. ಲಿಂಗವಂತರಾದ ನಮ್ಮವರಲ್ಲಿ ನಕ್ಷತ್ರ, ತಿಥಿ ಎಲ್ಲ ನೋಡಬಾರದು ಎನ್ನುತ್ತಾರೆ. ಎನ್ನುತ್ತಾರೆ, ಅಷ್ಟೇ. ನಮ್ಮತ್ತೆ ಪಂಚಾಂಗ ಕೇಳದೆ ಉಪ್ಪಿನಕಾಯಿ ಜಾಡಿಯ ಬಾಯಿ ಬಿಚ್ಚುತ್ತಿರಲಿಲ್ಲ. ಹಾಗಾಗಿ ಬೇರೆಯವರನ್ನು ನೋಡಿ ನಗುವ ಹಕ್ಕು ನನಗಿಲ್ಲ.

ನಾನು ಕಮಲಾದೇವಿ, ಅವರ ಹಿಂದಿನ ಮನೆಯವಳು. ಅವರ ಮುಂಬಾಗಿಲು ಆಚೆ ರಸ್ತೆಗೆ, ನಮ್ಮದು ಈಚೆ ರಸ್ತೆಗೆ. ನಡುವೆ ಎರಡು ಹಿತ್ತಿಲು, ಎದೆಮಟ್ಟದ ಒಂದು ಗೋಡೆ. ನಮ್ಮ ಯಜಮಾನರು ಏಕಾಂತಯ್ಯ, ಸರ್ಕಾರಿ ಕಛೇರಿಯಲ್ಲಿ ಗುಮಾಸ್ತರು. ಆಗಿನ್ನೂ ಜಯನಗರದ ಆ ಕಡೆ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಯಡಿಯೂರು ಕೆರೆಯಿಂದ ಎದ್ದ ಗಾಳಿ ನೇರ ನಮ್ಮ ಅಡಿಗೆಮನೆಗೆ ನುಗ್ಗುತ್ತಿತ್ತು. ಮಾತಾಡಲು ನನಗೆ ಅವಳು, ಅವಳಿಗೆ ನಾನು.

ಬಡಾವಣೆ ಮಾಡುವಾಗ ಚಿಕ್ಕಬೈರಪ್ಪನ ರಾಗಿ ಹೊಲ ಹೋಗಿ, ಬದಲಿಗೆ ಆ ನಿವೇಶನ ಸಿಕ್ಕಿತ್ತು. ಅವನು ಕಟ್ಟುವವರ ಮನೆಗಳಿಗೆಲ್ಲ ಎತ್ತಿನ ಗಾಡಿಯಲ್ಲಿ ಕಲ್ಲು ಸಾಗಿಸುತ್ತಿದ್ದ. ಕೂಲಿಯಲ್ಲಿ ಅರ್ಧವನ್ನು ಕಲ್ಲಿನಲ್ಲೇ ಕೊಡಿ ಎಂದು ಕೇಳಿ, ದಿನದ ಕೊನೆಯ ಗಾಡಿಯನ್ನು ತನ್ನ ನಿವೇಶನಕ್ಕೆ ಹೊಡೆಯುತ್ತಿದ್ದ. ಹಾಗೆ ಎದ್ದ ಮನೆ. ಮಕ್ಕಳಿಲ್ಲದ ದಂಪತಿಗೆ ಅದೇ ಮಗು. ಮಾಲೀಕರೇ ವಾಸವಿದ್ದ ಮನೆಗೆ ಆಗ ಅರ್ಧ ಕಂದಾಯ, ಬಾಡಿಗೆಗೆ ಕೊಟ್ಟರೆ ಪೂರ್ತಿ. ಆ ಅರ್ಧವನ್ನು ಅವನು ತಪ್ಪದೆ ಕಟ್ಟಿ, ಬಂದು ನಮ್ಮ ಯಜಮಾನರಿಂದ ರಸೀತಿ ಓದಿಸಿಕೊಂಡು ಹೋಗುತ್ತಿದ್ದ.

ಅವನು ಸತ್ತ ಮೇಲೆ ನಾರಾಯಣಮ್ಮನ ಅಣ್ಣ ಬೋರಣ್ಣ ಕತ್ರಿಗುಪ್ಪೆಯಿಂದ ಬಂದು, ತನ್ನ ಕೈಯಾರೆ ಜಾಲಿಮುಳ್ಳಿನ ಕೊಂಬೆಗಳನ್ನು ಕಡಿದು ತಂದು ಮುಂಬಾಗಿಲಿಗೆ ಒತ್ತಿದ. ಬೋರಣ್ಣ ಎಂದರೆ ಊರಿನಲ್ಲಿ ಎರಡನೇ ಮಾತಿಲ್ಲ. ಸುಳ್ಳು ಹೇಳಿದರೆ ನಾಲಗೆ ಬಿದ್ದುಹೋಗುತ್ತದೆ ಎಂದು ನಂಬಿದ್ದ ಮನುಷ್ಯ. ಹಿಂಬಾಗಿಲ ಬೀಗದ ಕೈ ತಂಗಿಯ ಹತ್ತಿರವೇ ಉಳಿಯಿತು. ಅವನು ಎತ್ತುಗಳನ್ನು ಗಾಡಿಗೆ ಕಟ್ಟಿ ಅವಳನ್ನು ಕೂರಿಸಿಕೊಂಡು ಹೊರಟುಹೋದ.

ಮಹಾನವಮಿ ಕಳೆದ ಒಂದು ಬೆಳಿಗ್ಗೆ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬೀಗ ಹಾಕಿದ ಆ ಮನೆಯ ಅಡಿಗೆಮನೆ ಗವಾಕ್ಷಿಯಿಂದ ಹೊಗೆ ಏಳುತ್ತಿತ್ತು. ನನ್ನ ಕೈಯಲ್ಲಿದ್ದ ಸೀರೆ ಕೆಳಗೆ ಬಿತ್ತು. ಹೆದರಿಕೆಯಾಯಿತು, ನಿಜ. ಆದರೆ ನನಗೆ ಹೆದರಿಕೆಗಿಂತ ಕೋಪ ಬೇಗ ಬರುತ್ತದೆ. ಯಾವನೋ ಕಳ್ಳ ಒಳಗೆ ಸೇರಿಕೊಂಡು ಅಡಿಗೆ ಮಾಡಿಕೊಳ್ಳುತ್ತಿದ್ದಾನೆ ಎಂದು ಒನಕೆ ಹಿಡಿದು ಗೋಡೆ ಹತ್ತಿ ಇಳಿದೆ. ಹಿಂಬಾಗಿಲು ತಳ್ಳಿದರೆ ಒಲೆಯ ಮುಂದೆ ನಾರಾಯಣಮ್ಮ ಕೂತಿದ್ದಾಳೆ.

"ಕೂಗ್ಬ್ಯಾಡಿ ಕಮಲಕ್ಕ, ನಿಮ್ ಕಾಲಿಗೆ ಬೀಳ್ತೀನಿ" ಎಂದಳು.

ಕತ್ರಿಗುಪ್ಪೆಯ ಮನೆಯಲ್ಲಿ ಬೋರಣ್ಣನ ಸೊಸೆ ಮಂಗಮ್ಮ ತುಂಬು ಬಸುರಿ. ಹೊಸದಾಗಿ ಗಂಡ ಸತ್ತವಳ ಮುಖವನ್ನು ಬಸುರಿ ಬೆಳಿಗ್ಗೆದ್ದು ನೋಡಬಾರದೆಂದು ಬೋರಣ್ಣನ ಹೆಂಡತಿ ಗೌರಮ್ಮ ನಾದಿನಿಗೆ ಕೊಟ್ಟಿಗೆಯ ಪಕ್ಕದಲ್ಲಿ ಜಾಗ ಮಾಡಿದಳಂತೆ. ಊಟದ ತಟ್ಟೆ ಅಲ್ಲಿಗೇ ಬರುತ್ತಿತ್ತು. ಮಂಗಮ್ಮ ಆ ಕಡೆ ಬಂದರೆ ಸಾಕು, "ನಾರಾಯಣಿ, ಒಳೀಕೋಗು" ಎಂದು ಕೂಗು.

"ಆ ಹುಡುಗಿಗೆ ಏನಾರ ಆದ್ರೆ ನನ್ ತಲೆಗೇ ಬರ್ತದಲ್ಲ ಅಂತ ಹೆದ್ರಿ ಹೊಂಟುಬಂದೆ" ಎಂದಳು. "ಚಿಕ್ಕಲಸಂದ್ರದಾಗೆ ನಮ್ಮೆಜಮಾನ್ರ ಅಕ್ಕನ ಮನೇಗ್ ಹೋಯ್ತೀನಿ ಅಂತ ಅಣ್ಣಂಗೆ ಹೇಳ್ದೆ. ಅಲ್ಲೂ ನಾಕ್ ದಿನ ಇದ್ದೆ. ಅವ್ರ ಮುಖ ನೋಡ್ದೆ. ಅಣ್ಣನ ಮನೇಗ್ ವಾಪಸ್ ಹೋಯ್ತೀನಿ ಅಂತ ಅವ್ರಿಗೆ ಹೇಳ್ದೆ."

"ಬಂದದ್ದು ಇಲ್ಲಿಗೆ?"

"ಇನ್ನೆಲ್ಲಿಗ್ ಹೋಗ್ಲಿ? ಅವರು ಕಲ್ಲು ಹೊತ್ತು ಕಟ್ಟಿರೋ ಮನೆ. ಅವರು ಸತ್ತ ನಕ್ಷತ್ರಕ್ಕೆ ಹೆದ್ರಬೇಕಾ ನಾನು? ಅವರಿಗೇ ಯಾವತ್ತೂ ಹೆದ್ರಿರ್ಲಿಲ್ಲ."

ಎರಡು ಮನೆಯವರೂ ಅವಳು ಇನ್ನೊಂದು ಮನೆಯಲ್ಲಿದ್ದಾಳೆ ಎಂದುಕೊಂಡಿದ್ದರು. ಇಬ್ಬರಿಗೂ ಹೋಗಿ ನೋಡುವ ಆಸೆ ಇರಲಿಲ್ಲ. ಮುಳ್ಳು ಹಾಕಿದ ಮನೆಯ ಹತ್ತಿರ ಊರಿನವರು ಯಾರೂ ಸುಳಿಯುತ್ತಿರಲಿಲ್ಲ. ಅಡಗಿಕೊಳ್ಳಲು ಅದಕ್ಕಿಂತ ಭದ್ರವಾದ ಜಾಗ ಬೆಂಗಳೂರಿನಲ್ಲೇ ಇರಲಿಲ್ಲ. ಅವಳು ತನ್ನ ಕೈಯಲ್ಲಿ ನನ್ನ ಕೈಯಿಡಿಸಿ ಭಾಷೆ ತೆಗೆದುಕೊಂಡಳು, ಗಂಡನಿಗೂ ಹೇಳಕೂಡದು ಎಂದು. ನಾನು ಹೇಳಲಿಲ್ಲ. ನಮ್ಮ ಯಜಮಾನರು ಹಿತ್ತಿಲಿಗೆ ಬರುವುದು ವರ್ಷಕ್ಕೊಂದು ಸಲ, ನೆಲ್ಲಿಕಾಯಿ ಬಿಟ್ಟಾಗ. ಕಣ್ಣು ಮಂಜಾದ ನಮ್ಮತ್ತೆ ಗೋಡೆಯಾಚೆ ನೋಡುವವರಲ್ಲ. ಅದರಿಂದ ಕಷ್ಟವಾಗಲಿಲ್ಲ.

ಕಾರ್ತೀಕದಲ್ಲಿ ಮಂಗಮ್ಮ ಹೆತ್ತಳು. ಮಗು ಸತ್ತೇ ಹುಟ್ಟಿತು. ಗಂಡುಮಗು.

ಹಾಲು ತರುವವಳ ಬಾಯಿಂದ ನನಗೆ ಸುದ್ದಿ ತಿಳಿಯಿತು. ಗೋಡೆಯಾಚೆ ಹೋಗಿ ಹೇಳಿದಾಗ ನಾರಾಯಣಮ್ಮ ಉರಿಯುತ್ತಿದ್ದ ಒಲೆಗೆ ಚೊಂಬಿನಲ್ಲಿದ್ದ ನೀರನ್ನು ಸುರಿದಳು. ಚಿಕ್ಕಲಸಂದ್ರದಿಂದ ಬಂದವಳ ಹಾಗೆ ಸುತ್ತುಹಾದಿಯಲ್ಲಿ ಕತ್ರಿಗುಪ್ಪೆಗೆ ಹೋಗಿ ಮುಖ ತೋರಿಸಿ ಬಂದಳು. ಅಲ್ಲಿ ಗೌರಮ್ಮ ಸೊಸೆಯನ್ನು ಹಿಡಿದು, ನಿನ್ನ ಕಾಲ್ಗುಣ ಸರಿಯಿಲ್ಲ, ಬಂದ ವರ್ಷವೇ ಮೊಮ್ಮಗನನ್ನು ತಿಂದೆ ಎಂದು ಹಸಿ ಬಾಣಂತಿ ಎಂದೂ ನೋಡದೆ ಅನ್ನುತ್ತಿದ್ದಳಂತೆ.

"ನಾನು ಮನೇಲಿ ಒಲೆ ಹಚ್ಚಿದ್ದು ಗೊತ್ತಾದ್ರೆ ನಂಗೆ ಇನ್ನು ತವರಿಲ್ಲ ಕಮಲಕ್ಕ" ಎಂದಳು. "ಇರೋನು ಒಬ್ಬ ಅಣ್ಣ."

"ನಿಮ್ಮಿಂದ ಆಯ್ತು ಅಂತ ನೀವು ನಂಬ್ತೀರಾ?"

ಅವಳು ಒಲೆಯ ಒದ್ದೆ ಬೂದಿಯನ್ನು ಕಡ್ಡಿಯಿಂದ ಕೆದಕಿದಳು. "ಬೆಳಕಿರೋವಾಗ ನಂಬಲ್ಲ" ಎಂದಳು.

ಮತ್ತೆ ಒಲೆ ಹಚ್ಚಲು ಅವಳಿಗೆ ವಾರ ಹಿಡಿಯಿತು. ಅಷ್ಟು ದಿನ ನಾನೇ ರೊಟ್ಟಿ ಕೊಟ್ಟೆ.

ಮಾರ್ಗಶಿರದ ಒಂದು ಮಧ್ಯಾಹ್ನ ಯಾರೋ ಮುಂಬಾಗಿಲು ಬಡಿದರು. ಅವಳು ನಡುಮನೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಳು. ಮತ್ತೆ ಬಡಿದರು. ಯಾರಿದ್ದೀರಿ ಎಂದು ಗಂಡಸಿನ ದನಿ. ಉಸಿರು ಬಿಗಿಹಿಡಿದಳು. ಮುಳ್ಳು ಸರಿಸಿದ ಸದ್ದು, ಬೈಗುಳ, ಆಮೇಲೆ ಬಾಗಿಲಿಗೆ ಅಂಟು ಬಳಿಯುವ ಸದ್ದು. ಹೆಜ್ಜೆಗಳು ದೂರವಾದ ಮೇಲೆ ನನ್ನ ಹತ್ತಿರ ಓಡಿ ಬಂದಳು. ಖಾಲಿ ಮನೆ ಕಂಡರೆ ಸಿನಿಮಾ ಪೋಸ್ಟರು ಹಚ್ಚುವ ಚಾಳಿ ಆಗ ಇತ್ತು. ಯಾವುದೋ ಪೋಸ್ಟರು ಇರಬೇಕು ಎಂದುಕೊಂಡೆವು. ಮುಂದುಗಡೆ ಹೋಗಿ ನೋಡೋಣವೆಂದರೆ ಅವಳು ರಸ್ತೆಯಲ್ಲಿ ಕಾಣಿಸಿಕೊಳ್ಳುವಂತಿಲ್ಲ. ಮುಳ್ಳು ಹಾಕಿದ ಬಾಗಿಲಿನಲ್ಲಿ ನಾನು ನಿಂತರೆ ನಮ್ಮತ್ತೆ ನನ್ನನ್ನು ಒಳಗೆ ಬಿಡುವುದಿಲ್ಲ.

ಮಾಘದಲ್ಲಿ ಗಡುವು ಮುಗಿಯಿತು. ಬೋರಣ್ಣ ಪುರೋಹಿತರನ್ನು ಕರೆದುಕೊಂಡು ಬಂದು ಮುಳ್ಳು ತೆಗೆಸಿದ. ಹಿಂದಿನ ದಿನವೇ ಸುತ್ತುಹಾದಿಯಲ್ಲಿ ಕತ್ರಿಗುಪ್ಪೆ ಸೇರಿದ್ದ ನಾರಾಯಣಮ್ಮ ಅವನ ಜೊತೆಗೇ ಬಂದು, ಆರು ತಿಂಗಳ ಮೇಲೆ ಮನೆ ನೋಡುತ್ತಿರುವವಳ ಹಾಗೆ ಹೊಸಿಲಿಗೆ ಹಣೆ ಹಚ್ಚಿದಳು. ಬಾಗಿಲ ಮೇಲೆ ಬಿಸಿಲಿಗೆ ಹಳದಿಯಾದ ಕಾಗದವೊಂದು ಅಂಟಿತ್ತು. ಅದು ಸಿನಿಮಾ ಪೋಸ್ಟರು ಆಗಿರಲಿಲ್ಲ.

ನಮ್ಮ ಯಜಮಾನರು ಓದಿ ಹೇಳಿದರು. ತಪಾಸಣೆಗೆ ಬಂದಾಗ ಮನೆ ಬೀಗ ಹಾಕಿದ್ದು, ಬಾಗಿಲಿಗೆ ಮುಳ್ಳು ಹಾಕಿದ್ದು ಕಂಡುಬಂದಿದೆ. ಮಾಲೀಕರ ವಾಸ ಇಲ್ಲ. ಆದ್ದರಿಂದ ಅರ್ಧ ಕಂದಾಯದ ರಿಯಾಯಿತಿ ರದ್ದು. ಈಗ ಇಲ್ಲದವರು ಹಿಂದೆಯೂ ಇರಲಿಲ್ಲವೆಂದು ಲೆಕ್ಕ ಹಿಡಿದು, ಮನೆ ಕಟ್ಟಿದಾಗಿನಿಂದ ಬಿಟ್ಟಿದ್ದ ಅರ್ಧವನ್ನೂ ದಂಡದ ಸಮೇತ ಕಟ್ಟಬೇಕು. ತಕರಾರಿದ್ದರೆ ಒಂದು ತಿಂಗಳೊಳಗೆ ಹೇಳಬೇಕು. ಇಲ್ಲವಾದರೆ ಮನೆ ಜಪ್ತಿ, ಹರಾಜು.

ಆ ಒಂದು ತಿಂಗಳು ಯಾವಾಗಲೋ ಕಳೆದುಹೋಗಿತ್ತು. ಕೇಳಿದ ಮೊತ್ತ ಎತ್ತು, ಗಾಡಿ ಎರಡನ್ನೂ ಮಾರಿದರೂ ಹುಟ್ಟುವಂಥದ್ದಲ್ಲ.

"ಹೋಗ್ಲಿ ಬುಡವ್ವ" ಎಂದ ಬೋರಣ್ಣ. "ಹರಾಜಿಗ್ ಬರೋಕ್ ಮುಂಚೆ ಮಾರ್ಬುಡು. ನಮ್ಮನೇಲೇ ಇದ್ದುಬುಡು. ಕೊಟ್ಟಿಗೆ ಪಕ್ಕ ಒಂದು ಕೋಣೆ ಎಬ್ಬಿಸ್ಕೊಡ್ತೀನಿ."

ಅವನು ಪ್ರೀತಿಯಿಂದಲೇ ಹೇಳಿದ. ನಾರಾಯಣಮ್ಮನ ಮುಖ ನೋಡಿದೆ. ಗಂಡ ಸತ್ತ ದಿನವೂ ಅವಳ ಮುಖ ಹಾಗಿರಲಿಲ್ಲ.

"ನಂಗೆ ಮನೆ ಬೇಕು ಅಣ್ಣ" ಎಂದಳು.

ತಂಗಿ ಯಾವತ್ತೂ ಏನನ್ನೂ ಬೇಕು ಎಂದವಳಲ್ಲ. ಬೋರಣ್ಣ ಅಲ್ಲೇ ಕೂತು, ಕಾಗದ ಕಂಡದ್ದೇ ಈಗ ಎಂದು ತಡವಾದದ್ದಕ್ಕೆ ಕಾರಣ ಕೊಟ್ಟು, ನಮ್ಮ ಯಜಮಾನರಿಂದ ತಕರಾರು ಅರ್ಜಿ ಬರೆಸಿದ. ಬರೆಸಿದ್ದು ಅವನ ಸತ್ಯದ ಗತ್ತಿನಲ್ಲಿ. ನಾವು ಹಿರಿಯರ ಪದ್ಧತಿ ಮೀರಿದವರಲ್ಲ, ನನ್ನ ತಂಗಿ ಆರು ತಿಂಗಳೂ ಬಳಗದವರ ಮನೆಗಳಲ್ಲಿ ಇದ್ದಳು, ಸದರಿ ಮನೆಯೊಳಗೆ ಒಂದು ನರಪಿಳ್ಳೆಯೂ ಕಾಲಿಟ್ಟಿರುವುದಿಲ್ಲ, ಇದು ದೇವರ ಸಾಕ್ಷಿಯಾಗಿ ಸತ್ಯ. ನಮ್ಮ ಯಜಮಾನರು ಮುತ್ತಿನಂಥ ಅಕ್ಷರದಲ್ಲಿ ಬರೆದು ಓದಿ ಹೇಳಿದರು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾರಾಯಣಮ್ಮ ನನ್ನನ್ನೇ ನೋಡುತ್ತಿದ್ದಳು. ನನ್ನ ಗಂಡನೇ ಅವಳ ಕುತ್ತಿಗೆಗೆ ಹಗ್ಗ ಹೊಸೆದು ಕೊಡುತ್ತಿದ್ದರು, ನಾನು ಬಾಯಿ ಬಿಡುವಂತಿರಲಿಲ್ಲ. ಬೋರಣ್ಣ ಹೆಬ್ಬೆಟ್ಟು ಒತ್ತಿದ.

ಅವನು ಹೋದ ಮೇಲೆ ಗೋಡೆಯ ಹತ್ತಿರ ಅವಳನ್ನು ಹಿಡಿದು ಬೈದೆ. "ಇದ್ದೆ ಅಂತ ಒಂದು ಮಾತು ಹೇಳಿದ್ರೆ ಮನೆ ಉಳೀತದೆ. ನಾನು ಸಾಕ್ಷಿ ಹೇಳ್ತೀನಿ. ಸುಳ್ಳೂ ಅಲ್ಲ, ಮೋಸವೂ ಅಲ್ಲ."

"ಅಣ್ಣಂಗೆ ಗೊತ್ತಾಗ್ತದೆ."

"ಗೊತ್ತಾಗ್ಲಿ ರೀ! ಅಣ್ಣ ಬೇಕೋ ಮನೆ ಬೇಕೋ?"

"ಎಲ್ಡೂ ಬೇಕು" ಎಂದು ಅತ್ತುಬಿಟ್ಟಳು. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು. ಉಗುಳಲೂ ಆಗದು, ನುಂಗಲೂ ಆಗದು.

ಫಾಲ್ಗುಣದಲ್ಲಿ ವಿಚಾರಣೆಗೆ ಕರೆ ಬಂತು. ಅವಳಿಗೆ ಧೈರ್ಯಕ್ಕೆಂದು ನಾನೂ ಹೋದೆ. ಬಸ್ಸಿನಲ್ಲಿ ಬೋರಣ್ಣ ಮುಂದೆ, ನಾವಿಬ್ಬರು ಹಿಂದೆ. ಅವನು ಒಗೆದ ಪಂಚೆ ಉಟ್ಟು, ಕರಿ ಕೋಟು ಹಾಕಿಕೊಂಡಿದ್ದ. ಸತ್ಯ ಹೇಳಲು ಹೋಗುತ್ತಿರುವ ಮನುಷ್ಯನ ಖುಷಿ ಅವನ ಬೆನ್ನಿನಲ್ಲೇ ಕಾಣುತ್ತಿತ್ತು.

ಕಂದಾಯದ ಸಾಹೇಬರ ಹೆಸರು ಜಯಸಿಂಹ. ಕನ್ನಡಕ, ಬಿಳಿ ಪೇಟ, ಮೇಜಿನ ಮೇಲೆ ತೆಗೆದಿಟ್ಟ ನಶ್ಯದ ಡಬ್ಬಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಜಾತಿಯವರು ಇರಬೇಕೆಂದು ನಾನು ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಆದರೆ ಆ ಮನುಷ್ಯ ನಾರಾಯಣಮ್ಮನನ್ನು ಕೂರಿಸಿ ಮಾತಾಡಿಸಿದರು.

"ಮನೆ ಬಿಡೋ ಪದ್ಧತಿ ನನಗೂ ಗೊತ್ತಮ್ಮ. ನಮ್ಮಜ್ಜಿ ಹೋದಾಗ ನಾವೂ ಬಿಟ್ಟಿದ್ವಿ. ಆದರೆ ಕಾಯಿದೆಗೆ ಅಜ್ಜಿ ಇಲ್ಲ. ಮಾಲೀಕರು ಆ ಕಾಲದಲ್ಲಿ ಅಲ್ಲಿ ವಾಸ ಇದ್ರಾ ಇಲ್ವಾ, ಅಷ್ಟೇ ಅದು ಕೇಳೋದು. ಇರಲಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ. ನಮ್ಮ ನೌಕರ ಬರೆದದ್ದಕ್ಕೆ ನೀವೇ ರುಜು ಹಾಕಿದ ಹಾಗಾಯ್ತು."

ಬೋರಣ್ಣನಿಗೆ ಅರ್ಥವಾಗಲಿಲ್ಲ. "ಸತ್ಯ ಬರ್ಸಿದೀನಿ ಸ್ವಾಮಿ."

"ಆ ಸತ್ಯದಿಂದಲೇ ಮನೆ ಹೋಗ್ತದೆ ಬೋರಣ್ಣನೋರೆ."

ಬೋರಣ್ಣ ಬಗ್ಗಿ ಅರ್ಜಿಯ ಮೇಲಿನ ತನ್ನ ಹೆಬ್ಬೆಟ್ಟಿನ ಗುರುತನ್ನು ನೋಡಿದ. ತಂಗಿಯ ಮನೆಯನ್ನು ತಾನೇ ಬರೆದುಕೊಟ್ಟೆ ಎನ್ನುವುದು ಅವನ ತಲೆಗೆ ಇಳಿಯುತ್ತಿತ್ತು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನೋಡಿ, ಸರಿಯಾಗಿ ಯೋಚನೆ ಮಾಡಿ ಹೇಳಿ. ನಿಮ್ಮ ಕಡೆಯವರು ಯಾರಾದರೂ ಅಲ್ಲಿ ಇದ್ದು ಒಲೆ ಹಚ್ಚಿದ್ರಾ? ಹಚ್ಚಿದ್ದರೆ ಒಬ್ಬರು ಪ್ರಮಾಣ ಮಾಡಿ ಹೇಳಿದರೆ ಸಾಕು. ರಿಯಾಯಿತಿ ನಿಲ್ತದೆ, ಹಳೇ ಬಾಕಿಯೂ ಬಿದ್ದುಹೋಗ್ತದೆ. ಇಲ್ಲ ಅಂದ್ರೆ ನಾನು ಇವತ್ತೇ ಜಪ್ತಿಗೆ ಬರೀಬೇಕಾಗ್ತದೆ."

ನಾನು ಬಾಯಿ ತೆರೆದೆ. ನಾರಾಯಣಮ್ಮ ಸೆರಗಿನ ಮರೆಯಲ್ಲಿ ನನ್ನ ಮಣಿಕಟ್ಟನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡಳು. ಅವಳ ತುಟಿ ಅಲುಗುತ್ತಿತ್ತು. ಹೇಳು, ಹೇಳು ಎಂದು ನಾನು ಮನಸ್ಸಿನಲ್ಲೇ ಕಿರುಚುತ್ತಿದ್ದೆ. ಅವಳು ಅಣ್ಣನ ಕಡೆ ನೋಡಿ ತಲೆ ತಗ್ಗಿಸಿದಳು. ಸಾಹೇಬರು ಲೇಖನಿಯನ್ನು ಮಸಿಗೆ ಅದ್ದಿದರು.

"ಇದ್ಲು" ಎಂದ ಬೋರಣ್ಣ.

ನಾವಿಬ್ಬರೂ ತಿರುಗಿ ನೋಡಿದೆವು. ಅವನ ಹಣೆಯ ಮೇಲೆ ಬೆವರು ಬೊಬ್ಬೆಯ ಹಾಗೆ ಎದ್ದಿತ್ತು.

"ಇದ್ಲು ಸ್ವಾಮಿ. ನನ್ ತಂಗಿ ಆ ಮನೇಲೇ ಇದ್ಲು. ಹಿಂದ್ಗಡೆ ಬಾಗ್ಲಾಗೆ ಓಡಾಡ್ತಿದ್ಲು. ಒಲೆ ಹಚ್ತಿದ್ಲು. ನಾನೇ ಕಣ್ಣಾರೆ ನೋಡಿವ್ನಿ."

"ಹಾಗಾದ್ರೆ ಅರ್ಜಿಯಲ್ಲಿ ಬರೆಸಿದ್ದು?"

"ಸುಳ್ಳು. ಊರೋರ್ ಬಾಯಿಗೆ ಹೆದ್ರಿ ಬರ್ಸಿದ್ದು."

"ಪ್ರಮಾಣ ಮಾಡ್ತೀರಾ?"

ಬೋರಣ್ಣ ಎದ್ದು ನಿಂತ. "ನಮ್ಮ ತಾಯಿ ಬನಶಂಕರಮ್ಮನ ಮ್ಯಾಲಾಣೆ" ಎಂದ. ಗುಮಾಸ್ತ ಬರೆದುಕೊಂಡ. ಹೆಬ್ಬೆಟ್ಟಿಗೆ ಮಸಿ ಹಚ್ಚಿದರು. ಸಾಹೇಬರು ಹೆಚ್ಚು ಕೇಳಲಿಲ್ಲ. ಕೇಳುವ ಮನಸ್ಸು ಅವರಿಗೆ ಇದ್ದಂತೆಯೂ ಕಾಣಲಿಲ್ಲ. ಬಾಕಿ ರದ್ದು, ಅರ್ಧ ಕಂದಾಯವೇ ಮುಂದುವರಿಯತಕ್ಕದ್ದು ಎಂದು ಬರೆದು, ಖಾತೆಯನ್ನು ನಾರಾಯಣಮ್ಮನ ಹೆಸರಿಗೆ ಮಾಡಿಸಿಕೊಳ್ಳಲು ಹೇಳಿ ಕಳಿಸಿದರು.

ಮನೆ ಉಳಿಯಿತು. ಗುಟ್ಟೂ ಉಳಿಯಿತು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಮೆಟ್ಟಿಲು ಕಾಣದೆ ಎಡವಿದೆ.

ಕಛೇರಿಯ ಕಾಂಪೌಂಡಿನಲ್ಲಿ ಹೊಂಗೆ ಮರದ ಕೆಳಗೆ ಬೋರಣ್ಣ ಧೊಪ್ಪನೆ ಕೂತುಬಿಟ್ಟ. ಮಸಿಯಾದ ಹೆಬ್ಬೆಟ್ಟನ್ನು ಮಣ್ಣಿಗೆ ಉಜ್ಜುತ್ತಿದ್ದ, ಚರ್ಮ ಕಿತ್ತುಬರುವ ಹಾಗೆ.

"ಎದ್ದೇಳಣ್ಣ, ಒಂದು ಲೋಟ ಕಾಫಿ ಕುಡ್ಯೋಣ" ಎಂದಳು ನಾರಾಯಣಮ್ಮ.

"ತಾಯಿ ಮ್ಯಾಲೆ ಸುಳ್ಳಾಣೆ ಮಾಡ್ಬುಟ್ಟೆ ಕಣವ್ವ." ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಎಪ್ಪತ್ತಕ್ಕೆ ಬಂದೆ, ಒಂದು ದಿನ ಸುಳ್ಳಾಡಿರ್ನಿಲ್ಲ. ನೀನು ಮನೆ ಬೇಕು ಅಂದ್ಯಲ್ಲ, ಅದ್ಕೆ ಮಾಡ್ದೆ. ನಂಗೇನಾದ್ರೂ ಆಗ್ಲಿ. ಆದ್ರೆ ಮಂಗಿ ಮತ್ತೆ ಬಸ್ರಾಗವ್ಳೆ. ಮೊನ್ನೆ ತಾನೇ ಗೊತ್ತಾಯ್ತು. ಒಂದು ಹೋಯ್ತು. ಈ ಸುಳ್ಳಾಣೆ ಅದರ ಮ್ಯಾಲೆ ಬಿದ್ರೆ ಏನ್ ಮಾಡ್ಲಿ? ನಾನೇ ಕೈಯಾರ ಕೊಂದಂಗಾಗಲ್ವಾ?"

ಅಷ್ಟು ದೊಡ್ಡ ಮನುಷ್ಯ, ಕರಿ ಕೋಟಿನ ತೋಳಿಗೆ ಮುಖ ಒತ್ತಿಕೊಂಡು ಅಳತೊಡಗಿದ. ದಾರಿಯವರು ನಿಂತು ನೋಡಿದರು. ನಾನು ನಾರಾಯಣಮ್ಮನ ತೋಳು ಹಿಡಿದು ಜಗ್ಗಿದೆ. ಸುಮ್ಮನಿರು ಎಂದು ಕಣ್ಣಿನಲ್ಲೇ ಬೇಡಿದೆ. ಎರಡು ದಿನ ಅತ್ತು ಸುಮ್ಮನಾಗುತ್ತಾನೆ, ದೇವಸ್ಥಾನದಲ್ಲಿ ತಪ್ಪುಕಾಣಿಕೆ ಕಟ್ಟುತ್ತಾನೆ, ಮುಗಿಯಿತು. ಅವಳು ನನ್ನ ಕೈ ಬಿಡಿಸಿಕೊಂಡು ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಅಣ್ಣ, ನೀನು ಸುಳ್ಳು ಹೇಳಿಲ್ಲ. ನಾನು ಅಲ್ಲೇ ಇದ್ದೆ."

ಅವನು ತಲೆಯೆತ್ತಿದ.

"ದೇವ್ರಾಣೆ ಅಣ್ಣ. ಚಿಕ್ಕಲಸಂದ್ರದಾಗೆ ನಾಕೇ ದಿನ ಇದ್ದಿದ್ದು. ಆಮ್ಯಾಕೆ ಪೂರ್ತಾ ನಮ್ಮನೇಲೇ ಇದ್ದೆ. ಹಿಂಬಾಗ್ಲಾಗೆ ಓಡಾಡ್ತಿದ್ದೆ, ಒಲೆ ಹಚ್ತಿದ್ದೆ. ಕಮಲಕ್ಕಂಗೂ ಗೊತ್ತು, ಕೇಳು. ನಿನ್ನ ಆಣೆ ಸತ್ಯದ್ದು. ಯಾರಿಗೂ ಏನೂ ಆಗಲ್ಲ."

ಅವನು ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನ ಮುಖ ಅರಳಿತು. ಬದುಕಿದೆ ತಾಯಿ ಎಂದು ಎರಡು ಕೈಯನ್ನೂ ತಲೆಯ ಮೇಲೆ ಜೋಡಿಸಿದ. ಆ ಕೈ ಇನ್ನೂ ಕೆಳಗೆ ಇಳಿದಿರಲಿಲ್ಲ, ಅಷ್ಟರಲ್ಲಿ ಎರಡನೆಯ ಯೋಚನೆ ಬಂದುಬಿಟ್ಟಿತು. ಅದು ಬಂದದ್ದು ನಮ್ಮಿಬ್ಬರಿಗೂ ಕಂಡಿತು.

"ಕಾರ್ತೀಕದಾಗೆ?" ಎಂದ.

"ಹೂಂ."

"ಮಗು ಹುಟ್ಟಿದ ದಿನ?"

"ಅವತ್ತೂ ಒಲೆ ಉರೀತಿತ್ತು ಅಣ್ಣ."

ಬೋರಣ್ಣ ಎದ್ದ. ಪಂಚೆಯ ಮಣ್ಣು ಕೊಡವಿಕೊಂಡ. "ನನ್ ಮೊಮ್ಮಗನ್ನ ತಿಂದೋಳು ನೀನು" ಎಂದ, ಕೂಗದೆ, ಮೆಲ್ಲಗೆ. ಬಸ್ಸಿಗೂ ಕಾಯದೆ ನಡೆದುಕೊಂಡೇ ಹೊರಟ.

ನನಗೆ ತಡೆಯಲಾಗಲಿಲ್ಲ. "ಕೊಟ್ಟಿಗೇಲಿ ಮಲಗಿಸಿದೋರು ಯಾರ್ರೀ? ಅದನ್ನ ಮೊದಲು ಹೇಳಿ!" ಎಂದು ಹಿಂದಿನಿಂದ ಕಿರುಚಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಿರುಗಲಿಲ್ಲ. ನಾರಾಯಣಮ್ಮ ಅವನು ಮೂಲೆ ತಿರುಗುವ ತನಕ ನೋಡುತ್ತಿದ್ದು, "ನಡೀರಿ ಕಮಲಕ್ಕ, ಬಸ್ ಹೋಯ್ತದೆ" ಎಂದಳು.

ಸುದ್ದಿ ಅವತ್ತೇ ಊರೆಲ್ಲ ಮುಟ್ಟಿತು. ಚಿಕ್ಕಲಸಂದ್ರದವರು ಹೇಳಿಕಳಿಸಿದರು, ನಮ್ಮ ಮನೆ ಮೆಟ್ಟಿಲು ಹತ್ತಬೇಡ ಎಂದು. ಯುಗಾದಿಗೆ ತವರಿನಿಂದ ಅವಳಿಗೆ ಯಾವಾಗಲೂ ಬರುತ್ತಿದ್ದ ಹೊಸ ಸೀರೆ ಬರಲಿಲ್ಲ. ಹಾಲಿನವಳು ಅವಳ ಮನೆಗೆ ಹಾಲು ಹಾಕುವುದನ್ನು ಬಿಟ್ಟಳು. ನಮ್ಮತ್ತೆಯೂ ನಾಲ್ಕು ದಿನ ಗೊಣಗಿದರು. ನಮ್ಮ ಯಜಮಾನರು ಮಾತ್ರ, ಅಷ್ಟು ಚೆನ್ನಾಗಿ ಬರೆದ ಅರ್ಜಿ ಸುಳ್ಳಾಯಿತಲ್ಲ ಎಂದು ಮರುಗಿದರು. ಗಂಡಸರಿಗೆ ಯಾವಾಗ ಯಾವುದಕ್ಕೆ ಮರುಗಬೇಕೆಂದು ಗೊತ್ತಾಗುವುದಿಲ್ಲ. ನಾರಾಯಣಮ್ಮ ಮನೆಗೆ ಸುಣ್ಣ ಹೊಡೆದಳು, ಹಿತ್ತಿಲಲ್ಲಿ ಸೊಪ್ಪು ಹಾಕಿದಳು. ಮಾತು ಕಡಿಮೆಯಾಯಿತು. ದಿನಕ್ಕೊಂದು ಸಲವಾದರೂ ಕತ್ರಿಗುಪ್ಪೆಯ ದಿಕ್ಕಿಗೆ ನೋಡುತ್ತಾ ನಿಲ್ಲುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಬೋರಣ್ಣನ ಮೇಲೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ನಾನು ಅವಳ ಹಿತ್ತಿಲ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಹೊಲದ ಕಡೆಯಿಂದ ಒಬ್ಬ ಹುಡುಗಿ ತಲೆಯ ಮೇಲೆ ಸೆರಗು ಹೊದ್ದು ಬಂದಳು. ಹೊಟ್ಟೆ ಈಗಷ್ಟೇ ಕಾಣುವಂತಿತ್ತು. ಮಂಗಮ್ಮ. ಜಗಳಕ್ಕೆ ಬಂದಳೆಂದು ನಾನು ಮೊರ ಕೆಳಗಿಟ್ಟು ಎದ್ದೆ.

"ಬೈಯೋಕೆ ಬಂದಿಲ್ಲ" ಎಂದಳು ಆ ಹುಡುಗಿ. ನಾರಾಯಣಮ್ಮನ ಕಾಲ ಬಳಿ ಕೂತುಕೊಂಡಳು. "ಅತ್ತೆ, ಕಾರ್ತೀಕದಿಂದ ನಮ್ಮನೇಲಿ ನಂಗೆ ಯಾರೂ ಮುಖ ಕೊಟ್ಟು ಮಾತಾಡಿರ್ಲಿಲ್ಲ. ಕಾಲ್ಗುಣ ಅಂದ್ರು. ಮಗೀನ ತಿಂದೋಳು ಅಂದ್ರು. ನನ್ ಗಂಡಾನೂ ಸುಮ್ಕಿದ್ದ. ಈ ಬಸುರು ನಿಂತಾಗ್ಲೂ, ಇದನ್ನ ಯಾವಾಗ ತಿಂತೀಯಾ ಅಂತ ಕೇಳಿದ್ರು. ಅವತ್ತು ಮಾವ ಬಂದು ನಿಮ್ಮ ವಿಷ್ಯ ಹೇಳಿದ್ಮೇಲೆ ಗೌರತ್ತೆ ನನ್ನ ಕೂರಿಸ್ಕೊಂಡು ತಲೆಗೆ ಎಣ್ಣೆ ಇಟ್ರು. ನಿನ್ ತಪ್ಪಲ್ಲ ಕಣೇ ಮಂಗಿ ಅಂದ್ರು."

ಅವಳು ಮೂಗು ಒರೆಸಿಕೊಂಡಳು. "ನಿಮ್ ತಪ್ಪೂ ಅಲ್ಲ. ಅದು ಹೊಟ್ಟೇಲೇ ಎಲ್ಡು ದಿನದಿಂದ ಅಲ್ಲಾಡ್ತಿರ್ಲಿಲ್ಲ. ನಾನು ಹೇಳ್ದೆ, ಯಾರೂ ಕಿವಿಗ್ ಹಾಕ್ಕೊಳ್ಲಿಲ್ಲ. ಅದು ನಿಲ್ಲೋಕೆ ಹಿಂದಿನ ದಿನ ರಾಗಿ ಮೂಟೆ ಎತ್ತಿದ್ದೆ. ನನ್ನಿಂದ್ಲೇ ಆಗಿದ್ದು ಅಂತ ಹೋಗಿ ಮಾವಂಗೆ ಹೇಳ್ಲಾ? ನೀವು ಹೂಂ ಅಂದ್ರೆ ಈಗ್ಲೇ ಹೇಳ್ತೀನಿ. ಅಣ್ಣ ತಂಗಿ ಒಂದಾಗ್ರಿ."

ಹೇಳಲಿ ಎಂದು ನನಗೆ ಅನ್ನಿಸಿತು. ಮುಚ್ಚಿಡುವುದೇಕೆ, ಹೇಳಿಬಿಡಲಿ, ನನ್ನ ಗೆಳತಿಗೆ ಅಣ್ಣ ವಾಪಸು ಸಿಗಲಿ ಎಂದೇ ಅನ್ನಿಸಿತು. ನಾರಾಯಣಮ್ಮ ಆ ಹುಡುಗಿಯ ತಲೆ ನೋಡುತ್ತಿದ್ದಳು. ಎಣ್ಣೆ ಹಚ್ಚಿ, ಬಾಚಿ, ಹೂವು ಮುಡಿಸಿದ ತಲೆ.

"ಬ್ಯಾಡ" ಎಂದಳು.

"ನಿಮ್ಮ ಮ್ಯಾಲೆ ಬಂದೈತಲ್ಲ ಅತ್ತೆ."

"ನನ್ ಮ್ಯಾಲೇ ಇರ್ಲಿ. ಅವ್ರು ಹೊರಗ್ ಹಾಕಿದ್ರೆ ಹೋಗೋಕೆ ನಿಂಗೆ ಇನ್ನೊಂದ್ ಮನೆ ಇಲ್ಲ ಕಣವ್ವ. ನಂಗೈತೆ."